ಒಂದೇ ಒಂದು ಚೂರು

ಆರು ವರ್ಷ ಕಬ್ಬಿಣದ ಮಾತ್ರೆ ನುಂಗಿದ್ದೇನೆ. ಮೂರು ತಿಂಗಳು ನುಂಗುವುದು, ರಕ್ತ ಪರೀಕ್ಷೆ ಮಾಡಿಸುವುದು, ಹಿಮೋಗ್ಲೋಬಿನ್ ಸ್ವಲ್ಪ ಏರಿದೆ ಅಂತ ಸಮಾಧಾನಪಟ್ಟು ನಿಲ್ಲಿಸುವುದು. ಆರು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಸುಸ್ತು. ಒಮ್ಮೆ 7.8ಕ್ಕೆ ಇಳಿದಿತ್ತು. ಎರಡು ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತಿತ್ತು. ಬಾಯಿಹುಣ್ಣು ಬಂದರೆ ವಾರಗಟ್ಟಲೆ ಹೋಗುತ್ತಿರಲಿಲ್ಲ. ತಲೆ ಬಾಚಿದರೆ ಕೈತುಂಬ ಕೂದಲು. "ನೀನು ಸರಿಯಾಗಿ ಊಟ ಮಾಡಲ್ಲ, ಅದಕ್ಕೇ ಹೀಗೆ" ಅಂತ ಮನೆಯಲ್ಲಿ ಹೇಳುತ್ತಿದ್ದರು. ನಾನು ಸರಿಯಾಗಿಯೇ ಊಟ ಮಾಡುತ್ತಿದ್ದೆ. ಆ ಮಾತು ಕೇಳಿದಾಗಲೆಲ್ಲ ಅಳು ಬರುತ್ತಿತ್ತು.

ಹೊಟ್ಟೆನೋವು ಅಂತ ದೊಡ್ಡದಾಗಿ ಏನೂ ಇರಲಿಲ್ಲ. ಊಟ ಆದಮೇಲೆ ಸ್ವಲ್ಪ ಉಬ್ಬರ. ಅದು ಯಾರಿಗೆ ಇರಲ್ಲ, ಅಲ್ವಾ? ಭೇದಿ ಇರಲಿಲ್ಲ. ತೂಕವೂ ಅಷ್ಟೇನೂ ಇಳಿದಿರಲಿಲ್ಲ. ಹಾಗಾಗಿ ಕರುಳಿನ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಈಗ ಎಲ್ಲಿ ಮಾತಾಡಲು ಕರೆದರೂ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಸೀಲಿಯಾಕ್ ಅಂದರೆ ಗೋಧಿಯಂಥ ಕೆಲವು ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ತಿಂದರೆ ಕರುಳು ಹಾಳಾಗುವ ಕಾಯಿಲೆ. ಅದು ಇರುವುದು ಸಣ್ಣ ಕರುಳಿನಲ್ಲಿ. ಆದರೆ ಅದು ಕಾಣಿಸಿಕೊಳ್ಳುವುದು ಎಲ್ಲೆಲ್ಲೋ. ಒಬ್ಬರಿಗೆ ವಾಸಿಯಾಗದ ರಕ್ತಹೀನತೆ. ಇನ್ನೊಬ್ಬರಿಗೆ ಚಿಕ್ಕ ವಯಸ್ಸಿಗೇ ಮೂಳೆ ಸವೆತ. ಒಂದು ಮಗು ಎತ್ತರ ಬೆಳೆಯುವುದಿಲ್ಲ, ಅಷ್ಟೇ, ಬೇರೇನೂ ಇಲ್ಲ. ಯಾರಿಗೋ ಪದೇ ಪದೇ ಗರ್ಭಪಾತ. ಯಾರಿಗೋ ಮೊಣಕೈ, ಮೊಣಕಾಲ ಮೇಲೆ ವಿಪರೀತ ತುರಿಸುವ ಗುಳ್ಳೆ. ಕೆಲವರಿಗೆ ಏನೂ ಇಲ್ಲ, ಒಂದೇ ಒಂದು ಲಕ್ಷಣವೂ ಇಲ್ಲ, ಕರುಳು ಮಾತ್ರ ಒಳಗೇ ಹಾಳಾಗುತ್ತಿರುತ್ತದೆ. ಪ್ರಪಂಚದಲ್ಲಿ 100ಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ ಇದೆ. ಅವರಲ್ಲಿ ಬಹಳ ಜನಕ್ಕೆ ತಮಗೆ ಇದೆ ಅನ್ನುವುದೇ ಗೊತ್ತಿಲ್ಲ. ಆರು ವರ್ಷ ನಾನೂ ಆ ಗುಂಪಿನಲ್ಲಿದ್ದೆ.

ಕೊನೆಗೆ ಒಬ್ಬ ವೈದ್ಯರು ನನ್ನ ಹಳೆಯ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದು ಪ್ರಶ್ನೆ ಕೇಳಿದರು. "ಇಷ್ಟು ಕಬ್ಬಿಣ ಒಳಗೆ ಹೋಗಿದೆಯಲ್ಲ, ಅದೆಲ್ಲ ಎಲ್ಲಿಗೆ ಹೋಯಿತು?" ರಕ್ತಸ್ರಾವ ಎಲ್ಲೂ ಇಲ್ಲ. ಹಾಗಾದರೆ ಕರುಳು ಅದನ್ನು ಹೀರಿಕೊಳ್ಳುತ್ತಲೇ ಇಲ್ಲವೇನೋ. ಟಿಟಿಜಿ-ಐಜಿಎ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಫಲಿತಾಂಶ ಬಂತು. ನಾರ್ಮಲ್.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನನ್ನ ಇಡೀ ಕಥೆಯಲ್ಲಿ ಬೇರೆಯವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಭಾಗ ಇದು.

ಆ ಪರೀಕ್ಷೆಗೆ ಏಳೆಂಟು ತಿಂಗಳ ಮೊದಲು ಒಬ್ಬ ಸ್ನೇಹಿತೆ ಹೇಳಿದ್ದಳು, ಗೋಧಿ ಬಿಟ್ಟು ನೋಡು, ಹೊಟ್ಟೆ ಹಗುರ ಆಗುತ್ತೆ ಅಂತ. ಬಿಟ್ಟೆ. ನಿಜಕ್ಕೂ ಹಗುರ ಆಯಿತು. ಬ್ರೆಡ್ಡು, ಬಿಸ್ಕತ್ತು, ಕೇಕು ಎಲ್ಲ ಬಂದ್. ಉಬ್ಬರ ಹೋಯಿತು, ಬಾಯಿಹುಣ್ಣೂ ಕಡಿಮೆಯಾಯಿತು. ಇದನ್ನು ವೈದ್ಯರಿಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಊಟದಲ್ಲಿ ಏನೋ ಬಿಟ್ಟಿದ್ದೇನೆ ಅನ್ನುವುದು ವೈದ್ಯರಿಗೆ ಹೇಳುವ ವಿಷಯ ಅಂತ ಯಾರಿಗೆ ಅನಿಸುತ್ತದೆ? ಟಿಟಿಜಿ ಪರೀಕ್ಷೆ ಹುಡುಕುವುದು ಆಂಟಿಬಾಡಿಗಳನ್ನು. ಗ್ಲುಟೆನ್ ತಿನ್ನುತ್ತಿದ್ದರೆ ದೇಹ ಆ ಆಂಟಿಬಾಡಿಗಳನ್ನು ತಯಾರಿಸುತ್ತದೆ. ತಿನ್ನುವುದು ನಿಲ್ಲಿಸಿದರೆ ನಿಧಾನಕ್ಕೆ ಇಳಿಯುತ್ತವೆ. ನಾನು ನಿಲ್ಲಿಸಿ ಏಳೆಂಟು ತಿಂಗಳಾಗಿತ್ತು. ಪರೀಕ್ಷೆ ಸುಳ್ಳು ಹೇಳಲಿಲ್ಲ. ಅದು ಹುಡುಕುತ್ತಿದ್ದ ವಸ್ತುವನ್ನು ನಾನೇ ಇಳಿಸಿಬಿಟ್ಟಿದ್ದೆ.

ವೈದ್ಯರಿಗೂ ಏನೋ ಅನುಮಾನ ಉಳಿದಿತ್ತು. "ಗೋಧಿ ತಿನ್ನುತ್ತಿದ್ದೀರಿ ತಾನೆ?" ಅಂತ ಆಮೇಲೆ ಕೇಳಿದರು. ಇಲ್ಲ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಮೇಲೆ ಜೀನ್ ಪರೀಕ್ಷೆ ಮಾಡಿಸಿದೆವು. ಅದಕ್ಕೆ ಊಟದ ಹಂಗಿಲ್ಲ, ಯಾವಾಗ ಮಾಡಿಸಿದರೂ ಫಲಿತಾಂಶ ಒಂದೇ. ಡಿಕ್ಯೂ2, ಡಿಕ್ಯೂ8 ಅಂತ ಎರಡು ಗುರುತುಗಳಿವೆ. ಸೀಲಿಯಾಕ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇವೆರಡರಲ್ಲಿ ಒಂದಾದರೂ ಇರುತ್ತದೆ. ಎರಡೂ ಇಲ್ಲ ಅಂದರೆ ಈ ಕಾಯಿಲೆ ಬಹುತೇಕ ಇಲ್ಲ ಅಂತಲೇ ಲೆಕ್ಕ. ಇದ್ದರೆ ಮಾತ್ರ ಏನೂ ತೀರ್ಮಾನ ಆಗುವುದಿಲ್ಲ, ಯಾಕಂದರೆ 100ಕ್ಕೆ 30ರಿಂದ 40 ಜನರಲ್ಲಿ ಇವು ಇರುತ್ತವೆ, ಅವರಲ್ಲಿ ತೀರಾ ಕೆಲವರಿಗಷ್ಟೇ ಕಾಯಿಲೆ ಬರುತ್ತದೆ. ನನ್ನಲ್ಲಿ ಡಿಕ್ಯೂ2 ಇತ್ತು. ಅಂದರೆ ಬಾಗಿಲು ಇನ್ನೂ ತೆರೆದೇ ಇತ್ತು. ಒಳಗೆ ಏನಿದೆ ಅಂತ ತಿಳಿಯಬೇಕಾದರೆ ನಾನು ಮತ್ತೆ ಗೋಧಿ ತಿನ್ನಬೇಕಿತ್ತು.

ದಿನಕ್ಕೆ ಎರಡು ಹೋಳು ಬ್ರೆಡ್. ಎಂಟು ವಾರ. ಕೇಳಲು ಎಷ್ಟು ಸುಲಭ. ಮೂರನೇ ದಿನಕ್ಕೇ ಹೊಟ್ಟೆ ಕಲ್ಲಿನ ಹಾಗಾಯಿತು. ಎರಡನೇ ವಾರದಲ್ಲಿ ಬಾಯಿಹುಣ್ಣು ತಿರುಗಿ ಬಂತು. ಬೆಳಿಗ್ಗೆ ಎದ್ದರೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ, ಯಾರು ಏನು ಕೇಳಿದರೂ ಉತ್ತರ ಬರಲು ತಡ. ನನಗೆ ಆಗದ ವಸ್ತು ಅಂತ ಗೊತ್ತಿದ್ದೂ ದಿನಾ ಬೆಳಿಗ್ಗೆ ಅದನ್ನೇ ಅಗಿಯುವುದು ಎಷ್ಟು ಕಷ್ಟ ಅಂತ ಹೇಳಲಾರೆ. ಐದನೇ ವಾರ ಬಿಟ್ಟುಬಿಡೋಣ ಅನ್ನಿಸಿತು. ಹೇಗೂ ಗೋಧಿ ಬಿಟ್ಟರೆ ಆರಾಮ ಇರುತ್ತೇನೆ, ಹೆಸರು ಕಟ್ಟಿಕೊಂಡು ಏನಾಗಬೇಕು? ಆಗ ವೈದ್ಯರು ಹೇಳಿದ ಮಾತು ನೆನಪಾಯಿತು. ಹೆಸರಿಲ್ಲದೆ ಬಿಟ್ಟರೆ ನೀವು ಒಂದಲ್ಲ ಒಂದು ದಿನ ಮತ್ತೆ ತಿನ್ನುತ್ತೀರಿ, ಪೂರ್ತಿ ಬಿಡುವುದಿಲ್ಲ, ನಿಮ್ಮ ಅಣ್ಣ ತಮ್ಮ, ಮಕ್ಕಳನ್ನೂ ಯಾರೂ ಪರೀಕ್ಷೆ ಮಾಡುವುದಿಲ್ಲ. ಎಂಟು ವಾರ ಮುಗಿಸಿದೆ.

ಈ ಸಲ ಟಿಟಿಜಿ ಮಿತಿಯ ಆರು ಪಟ್ಟು ಇತ್ತು. ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ನೋಡಿದ್ದರು. ಐಜಿಎ ಅಂದರೆ ಆಂಟಿಬಾಡಿಗಳಲ್ಲಿ ಒಂದು ಬಗೆ, ಟಿಟಿಜಿ-ಐಜಿಎ ಪರೀಕ್ಷೆ ಹುಡುಕುವುದು ಆ ಬಗೆಯದನ್ನೇ. ಸೀಲಿಯಾಕ್ ಇರುವವರಲ್ಲಿ 100ಕ್ಕೆ ಎರಡು ಮೂರು ಜನರ ದೇಹದಲ್ಲಿ ಐಜಿಎ ತಯಾರಾಗುವುದೇ ಇಲ್ಲ. ಅಂಥವರಿಗೆ ಟಿಟಿಜಿ-ಐಜಿಎ ಪರೀಕ್ಷೆ ಎಷ್ಟು ಸಲ ಮಾಡಿದರೂ ನಾರ್ಮಲ್ ಅಂತಲೇ ಬರುತ್ತದೆ. ಪರೀಕ್ಷೆ ಬರೆಸಿಕೊಳ್ಳುವಾಗ ಇವೆರಡನ್ನೂ ಒಟ್ಟಿಗೆ ಕೇಳಿ.

ಎಂಡೋಸ್ಕೋಪಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜನ ಅಂದುಕೊಂಡಷ್ಟು ಭಯಂಕರ ಅಲ್ಲ. ರಾತ್ರಿಯಿಂದ ಉಪವಾಸ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಎಡಮಗ್ಗುಲಿಗೆ ಮಲಗುವುದು, ಹದಿನೈದು ನಿಮಿಷ. ಸಣ್ಣ ಕರುಳಿನ ಶುರುವಿನ ಭಾಗದಿಂದ ಆರು ಚೂರು ತೆಗೆದರು. ಒಂದೇ ಚೂರು ಸಾಲದು, ಯಾಕಂದರೆ ಕರುಳು ಎಲ್ಲ ಕಡೆ ಒಂದೇ ಥರ ಹಾಳಾಗಿರುವುದಿಲ್ಲ. ತೆಗೆಯುವಾಗ ನೋವು ಗೊತ್ತಾಗಲಿಲ್ಲ. ಮಕ್ಕಳ ವಿಷಯದಲ್ಲಿ, ಟಿಟಿಜಿ ಮಿತಿಯ ಹತ್ತು ಪಟ್ಟಿಗಿಂತ ಜಾಸ್ತಿ ಇದ್ದು ಇನ್ನೊಂದು ಆಂಟಿಬಾಡಿ ಪರೀಕ್ಷೆಯೂ ಪಾಸಿಟಿವ್ ಬಂದರೆ ಈಗ ಎಷ್ಟೋ ಕಡೆ ಎಂಡೋಸ್ಕೋಪಿ ಇಲ್ಲದೆಯೇ ತೀರ್ಮಾನ ಮಾಡುತ್ತಾರೆ.

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಮಾರ್ಷ್ 3ಬಿ ಅಂತ ಬರೆದಿತ್ತು. ಇದೇನು ಅಂತ ಕೇಳಿದೆ. ಕರುಳು ಎಷ್ಟು ಹಾಳಾಗಿದೆ ಅಂತ ಹೇಳುವ ಹಂತ ಅಂದರು. ವೈದ್ಯರು ಕೈ ತೊಳೆಯುವ ಜಾಗದಲ್ಲಿ ನೇತುಹಾಕಿದ್ದ ಟರ್ಕಿ ಟವೆಲ್ ತಂದು ತೋರಿಸಿದರು. ಅದರ ಮೈತುಂಬ ಎದ್ದು ನಿಂತ ದಾರದ ಕುಣಿಕೆಗಳು ಇರುತ್ತವಲ್ಲ, ಸಣ್ಣ ಕರುಳಿನ ಒಳಮೈಯೂ ಹಾಗೇ ಇರುತ್ತದೆ. ಆ ಎಳೆಗಳಿಗೆ ವಿಲ್ಲೈ ಅನ್ನುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ನು, ಎಲ್ಲವನ್ನೂ ಹೀರುವುದು ಅವೇ. ಸೀಲಿಯಾಕ್ ಇರುವವರು ಗ್ಲುಟೆನ್ ತಿಂದಾಗ ದೇಹವನ್ನು ಕಾಯಬೇಕಾದ ರಕ್ಷಣಾ ಪಡೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಎಳೆಗಳು ಸವೆಯುತ್ತವೆ. "ಕುಣಿಕೆ ಎಲ್ಲ ಸವೆದ ಟವೆಲ್ಲಿನಲ್ಲಿ ನೀರು ಒರೆಸಿದರೆ ಹೇಗೆ?" ಅಂದರು. ಆರು ವರ್ಷದ ಮಾತ್ರೆಗಳು ಎಲ್ಲಿ ಹೋದವು ಅಂತ ಆವತ್ತು ಅರ್ಥವಾಯಿತು. ಆ ದಿನ ನನಗೆ ದುಃಖ ಆಗಲಿಲ್ಲ. ನಾನು ಸರಿಯಾಗಿಯೇ ಊಟ ಮಾಡುತ್ತಿದ್ದೆ ಅನ್ನುವುದಕ್ಕೆ ಕೈಯಲ್ಲಿ ಒಂದು ಕಾಗದ ಇತ್ತು.

ಚಿಕಿತ್ಸೆ ಒಂದೇ. ಗೋಧಿ, ಬಾರ್ಲಿ, ರೈ ಅನ್ನುವ ಇನ್ನೊಂದು ಧಾನ್ಯ, ಇವು ಮೂರರಲ್ಲಿ ಇರುವ ಗ್ಲುಟೆನ್ ಜೀವನಪೂರ್ತಿ ಬೇಡ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಅಕ್ಕಿ, ಮೆಕ್ಕೆಜೋಳ, ಸಿರಿಧಾನ್ಯ, ಬೇಳೆ, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ, ಇದ್ಯಾವುದರಲ್ಲೂ ಗ್ಲುಟೆನ್ ಇಲ್ಲ. ಹಸಿವಿನಿಂದ ಇರಬೇಕಾದ ಕಾಯಿಲೆ ಇದಲ್ಲ. ಆದರೂ ಮೊದಲ ವರ್ಷ ನನಗೆ ತುಂಬಾ ಕಷ್ಟವಾಯಿತು. ಊಟದಿಂದ ಅಲ್ಲ, ಜನರಿಂದ.

"ಒಂದೇ ಒಂದು ಚೂರು. ಏನಾಗುತ್ತೆ?"

ಈ ಮಾತನ್ನು ಪ್ರೀತಿಯಿಲ್ಲದವರು ಯಾರೂ ಹೇಳಲಿಲ್ಲ. ಪ್ರೀತಿ ಇರುವವರೇ ಹೇಳಿದರು. ಹುಟ್ಟುಹಬ್ಬದ ಕೇಕ್ ಕೈಯಲ್ಲಿ ಹಿಡಿದು ನಿಂತ ಗೆಳತಿ, ನನಗೋಸ್ಕರ ಅಂತ ಪ್ರತ್ಯೇಕ ಅಡುಗೆ ಮಾಡಿ ಕೊನೆಗೆ ಗೋಧಿ ಅಡುಗೆಯ ಸೌಟನ್ನೇ ಅದಕ್ಕೂ ಅದ್ದಿದ ಸಂಬಂಧಿಕರು. ಬೇಡ ಅಂದರೆ ಮುಖ ಸಣ್ಣದಾಗುತ್ತಿತ್ತು. ಕೆಲವರು "ಇದೆಲ್ಲ ಈಗಿನ ಫ್ಯಾಷನ್" ಅಂದರು. ಒಂದು ಸಲ ಬೇಸರ ಆಗದಿರಲಿ ಅಂತ ಒಂದು ಚೂರು ತಿಂದೆ. ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ಅವರೇ ಫೋನ್ ಮಾಡಿ "ನೋಡು, ಏನೂ ಆಗಲಿಲ್ಲ ಅಲ್ವಾ?" ಅಂದರು. ಅವರ ದನಿಯಲ್ಲಿ ಎಷ್ಟು ಖುಷಿ ಇತ್ತು ಅಂದರೆ, ನನಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ.

ಇದು ಅಲರ್ಜಿ ಥರ ಅಲ್ಲ. ಅಲರ್ಜಿಯಲ್ಲಿ ತಿಂದ ಕೆಲವು ನಿಮಿಷದಲ್ಲೇ ಮೈ ದದ್ದು ಏಳಬಹುದು, ಉಸಿರು ಕಟ್ಟಬಹುದು. ಎದುರಿಗೆ ಇರುವವರಿಗೆ ಕಾಣುತ್ತದೆ, ನಂಬುತ್ತಾರೆ. ಸೀಲಿಯಾಕ್‌ನಲ್ಲಿ ಎಷ್ಟೋ ಸಲ ಹೊರಗೆ ಏನೂ ಕಾಣುವುದಿಲ್ಲ. ತಿಂದವರಿಗೇ ಗೊತ್ತಾಗದೆ ಇರಬಹುದು. ಕರುಳಿಗೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ "ಏನೂ ಆಗಲಿಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ. ಇದನ್ನು ಒಬ್ಬೊಬ್ಬರಿಗೂ ಒಂದೊಂದು ಸಲ ವಿವರಿಸಿ ಸಾಕಾದಾಗಲೇ, ಹತ್ತಾರು ಜನರಿಗೆ ಒಟ್ಟಿಗೆ ಯಾಕೆ ಹೇಳಬಾರದು ಅನ್ನಿಸಿದ್ದು.

ಅಷ್ಟರಲ್ಲಿ ಅಮ್ಮನ ವಿಷಯ ಗೊತ್ತಾಯಿತು. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದರೆ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಸಂಭವ ಇದೆ. ವೈದ್ಯರು ಎಲ್ಲರೂ ಪರೀಕ್ಷೆ ಮಾಡಿಸಿ ಅಂದಿದ್ದರು. ತಮ್ಮ ಎರಡು ತಿಂಗಳು ಮುಂದೂಡಿ ಕೊನೆಗೆ ಮಾಡಿಸಿದ, ನೆಗೆಟಿವ್. ಇವತ್ತು ಇಲ್ಲ ಅಂದರೆ ಮುಂದೆಯೂ ಬರುವುದಿಲ್ಲ ಅಂತಲ್ಲ, ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕು. ಅಮ್ಮನಿಗೆ ಪಾಸಿಟಿವ್. ಆಮೇಲೆ ಬಯಾಪ್ಸಿಯಲ್ಲೂ ಖಾತ್ರಿಯಾಯಿತು. ಅಮ್ಮನಿಗೆ ಆಗ 63 ವರ್ಷ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಸುಮ್ನೆ ಕೈ ಊರಿದ್ದಕ್ಕೆ ಮಣಿಕಟ್ಟು ಮುರಿದಿತ್ತು. ವಯಸ್ಸಾಯಿತು, ಮೂಳೆ ಸವೆದಿದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಒಂದು ವರ್ಷದಿಂದ ನನಗೋಸ್ಕರ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಡಬ್ಬ ಇಟ್ಟು ಅಡುಗೆ ಮಾಡುತ್ತಿದ್ದವರು ಅಮ್ಮ. ನನ್ನ ಪಾತ್ರೆಯಿಂದ ತಾವು ಒಂದು ತುತ್ತೂ ತೆಗೆದುಕೊಂಡಿರಲಿಲ್ಲ, ಅದು ನನ್ನದು ಅಂತ. ರಿಪೋರ್ಟ್ ಬಂದ ದಿನ ಅವರು ತಮ್ಮ ತಟ್ಟೆ ತಂದು ನನ್ನ ಪಾತ್ರೆಗಳ ಪಕ್ಕದಲ್ಲಿ ಇಟ್ಟರು. ಏನೂ ಮಾತಾಡಲಿಲ್ಲ. ಯಾರಾದರೂ ಮುಂಚೆಯೇ ಹೇಳಿದ್ದರೆ ಆ ಮಣಿಕಟ್ಟು ಮುರಿಯುತ್ತಿರಲಿಲ್ಲವೇನೋ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಮೊದಲ ಸಲ ಮಾತಾಡಿದ್ದು ನಾನು ಕೆಲಸ ಮಾಡುವ ಕಚೇರಿಯಲ್ಲಿ. ಮೇ 16ಕ್ಕೆ ಅಂತರರಾಷ್ಟ್ರೀಯ ಸೀಲಿಯಾಕ್ ದಿನ. ಅದರ ನೆಪದಲ್ಲಿ ಅರ್ಧ ಗಂಟೆ ಕೊಟ್ಟಿದ್ದರು. ಎಲ್ಲ ಬರೆದುಕೊಂಡು ಹೋಗಿದ್ದೆ. ಆಂಟಿಬಾಡಿ, ಜೀನ್, ವಿಲ್ಲೈ, ಮಾರ್ಷ್ ಹಂತಗಳು. ಜನ ಮರ್ಯಾದೆಯಿಂದ ಕೇಳಿದರು. ಕೊನೆಯಲ್ಲಿ ಒಬ್ಬರು ಎದ್ದು, "ಅಂದರೆ ಗ್ಲುಟೆನ್ ವಿಷ ಅಂತಾಯ್ತು. ನಾಳೆಯಿಂದ ನಾನೂ ಬಿಡ್ತೀನಿ" ಅಂದರು. ಇಬ್ಬರು ಮೂವರು ತಲೆ ಆಡಿಸಿದರು. ನನಗೆ ಗಾಬರಿಯಾಯಿತು. ನಾನು ಹೇಳಲು ಬಂದಿದ್ದು ಇದಲ್ಲ. ಇದರ ಉಲ್ಟಾ.

ಸೀಲಿಯಾಕ್ ಇಲ್ಲದವರಿಗೆ, ಗೋಧಿ ಅಲರ್ಜಿಯೋ ಬೇರೆ ಸೂಕ್ಷ್ಮತೆಯೋ ಇಲ್ಲದವರಿಗೆ ಗ್ಲುಟೆನ್ ಒಂದು ಸಾಮಾನ್ಯ ಪ್ರೋಟೀನು. ಅದರಿಂದ ಅವರಿಗೆ ತೊಂದರೆ ಇಲ್ಲ. ಕಾಯಿಲೆಯ ಬಗ್ಗೆ ಹೆದರಿಸಿ ಎಲ್ಲರೂ ಗೋಧಿ ಬಿಡುವ ಹಾಗೆ ಮಾಡಿದರೆ ಅದು ಅರಿವು ಅಲ್ಲ. ನಮಗೆ ಅದರಿಂದ ನಷ್ಟವೇ ಜಾಸ್ತಿ. ನಿಜವಾಗಿ ಕಾಯಿಲೆ ಇದ್ದವರು ಪರೀಕ್ಷೆಗೆ ಮೊದಲೇ ಬಿಟ್ಟು, ನನ್ನ ಹಾಗೆ, ಸಿಕ್ಕಿಬೀಳದೆ ತಪ್ಪಿಸಿಕೊಳ್ಳುತ್ತಾರೆ. ತೂಕ ಇಳಿಸಲು ಬಿಟ್ಟವರು ವಾರಕ್ಕೊಮ್ಮೆ ಕೇಕ್ ತಿನ್ನುವುದನ್ನು ನೋಡಿದ ಅಡುಗೆಯವರು, ನಾವು ಕೇಳಿದಾಗಲೂ ಇದೂ ಹಾಗೇ ಅಂದುಕೊಳ್ಳುತ್ತಾರೆ. ಆವತ್ತಿನಿಂದ ನನ್ನ ಮಾತಿನ ಮೊದಲ ವಾಕ್ಯ ಬದಲಾಯಿತು. "ದಯವಿಟ್ಟು ಇದನ್ನು ಕೇಳಿ ಯಾರೂ ಗೋಧಿ ಬಿಡಬೇಡಿ. ಅನುಮಾನ ಇದ್ದರೆ ತಿನ್ನುತ್ತಲೇ ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ." ಕೇಳುವವರಿಗೆ ಆಶ್ಚರ್ಯವಾಗುತ್ತದೆ. ಆದರೆ ನೆನಪಿನಲ್ಲಿ ಉಳಿಯುತ್ತದೆ.

ಆಂಟಿಬಾಡಿ ಹೆಸರುಗಳನ್ನೆಲ್ಲ ಕೈಬಿಟ್ಟೆ. ಅದರ ಜಾಗದಲ್ಲಿ ಒಂದು ಕಥೆ ಹೇಳಲು ಶುರು ಮಾಡಿದೆ. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ವಿಲ್ಲೆಮ್ ಕಾರೆಲ್ ಡಿಕ್ಕೆ ಅಂತ ಒಬ್ಬ ಮಕ್ಕಳ ವೈದ್ಯರು ಇದ್ದರು. ಈ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಊಟದಿಂದಲೇ ಇದನ್ನು ಹತೋಟಿಗೆ ತರಬೇಕು ಅಂತ 1888ರಲ್ಲೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಬರೆದಿದ್ದರು. ಆದರೆ ಯಾವ ಊಟ ಅನ್ನುವುದು ಯಾರಿಗೂ ಖಚಿತವಾಗಿರಲಿಲ್ಲ. ಡಿಕ್ಕೆಗೆ ಗೋಧಿಯ ಮೇಲೆ ಮೊದಲಿಂದ ಅನುಮಾನ ಇತ್ತು. 1944–45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಅಲ್ಲಿ ಭೀಕರ ಬರಗಾಲ. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಬ್ರೆಡ್ಡು ಸಿಗುತ್ತಿರಲಿಲ್ಲ. ಊರಿಗೆ ಊರೇ ಸೊರಗುತ್ತಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು. ಯುದ್ಧ ಮುಗಿಯುತ್ತ ಬಂತು, ಬ್ರೆಡ್ಡು ಮತ್ತೆ ಸಿಕ್ಕಿತು. ಎಲ್ಲರೂ ಸಂಭ್ರಮಪಟ್ಟರು. ಆ ಮಕ್ಕಳು ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಡಿಕ್ಕೆ ತಮ್ಮ ಪ್ರಬಂಧದಲ್ಲಿ ಗೋಧಿಯೇ ಕಾರಣ ಅಂತ ತೋರಿಸಿಕೊಟ್ಟರು. ಈ ಕಥೆ ಹೇಳುವಾಗ ಕೋಣೆ ನಿಶ್ಶಬ್ದವಾಗುತ್ತದೆ. ಇದನ್ನು ಕೇಳಿದ ಯಾರೂ ಇದುವರೆಗೆ ನನಗೆ "ಈಗಿನ ಫ್ಯಾಷನ್" ಅಂದಿಲ್ಲ.

ಆದರೂ "ಒಂದು ಚೂರು" ಉಳಿದೇ ಇತ್ತು. ಅದಕ್ಕೆ ಲೆಕ್ಕ ಬೇಕಿತ್ತು. ಒಂದು ಹೋಳು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. 2007ರಲ್ಲಿ ಇಟಲಿಯಲ್ಲಿ ಒಂದು ಅಧ್ಯಯನ ಆಯಿತು. ಚೆನ್ನಾಗಿ ಪಥ್ಯ ಮಾಡುತ್ತಿದ್ದ ಸೀಲಿಯಾಕ್ ರೋಗಿಗಳಿಗೆ ಮೂರು ತಿಂಗಳು ದಿನಕ್ಕೆ ತೀರಾ ಕಡಿಮೆ ಗ್ಲುಟೆನ್ ಕೊಟ್ಟು ನೋಡಿದರು. ದಿನಕ್ಕೆ 50 ಮಿಲಿಗ್ರಾಂ ಸಾಕಿತ್ತು, ಕರುಳಿನ ಎಳೆಗಳಿಗೆ ಪೆಟ್ಟು ಬೀಳಲು. ಅಂದರೆ ಒಂದು ಹೋಳನ್ನು ನಲವತ್ತು ಚೂರು ಮಾಡಿದರೆ ಅದರಲ್ಲಿ ಒಂದು. ನಾನು ಸಭೆಯಲ್ಲಿ ಒಂದು ಹೋಳು ಬ್ರೆಡ್ ತೆಗೆದುಕೊಂಡು ಉದ್ದಕ್ಕೆ ಐದು, ಅಡ್ಡಕ್ಕೆ ಎಂಟು ಭಾಗ ಮಾಡಿ ಒಂದು ಚೂರನ್ನು ಅಂಗೈ ಮೇಲೆ ಇಟ್ಟು ತೋರಿಸುತ್ತೇನೆ. ಉಗುರಿನಷ್ಟು. ಅದನ್ನು ನೋಡಿದ ಮೇಲೆ, ಕೇಕಿನ ಮೇಲಿನ ಕ್ರೀಮ್ ಅಷ್ಟೇ ತಿನ್ನಿ, ಬ್ರೆಡ್ ತೆಗೆದು ಒಳಗಿನ ಪಲ್ಯ ತಿನ್ನಿ ಅನ್ನುವವರು ಕಡಿಮೆಯಾಗಿದ್ದಾರೆ. ಎಷ್ಟೋ ದೇಶಗಳಲ್ಲಿ ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಅನ್ನುವ ನಿಯಮ ಇರುವುದು ಸುಮ್ನೆ ಅಲ್ಲ.

ಅಡುಗೆಯವರ ಜೊತೆ ಮಾತಾಡುವುದು ನನಗೆ ಎಲ್ಲಕ್ಕಿಂತ ಇಷ್ಟ. ಅವರು ಕೇಳುವ ಪ್ರಶ್ನೆಗಳು ಬೇರೆ ಯಾರೂ ಕೇಳುವುದಿಲ್ಲ. "ಚೆನ್ನಾಗಿ ಕುದಿಸಿದರೆ ಗ್ಲುಟೆನ್ ಸತ್ತುಹೋಗಲ್ವಾ?" ಇಲ್ಲ. ಅದು ಕ್ರಿಮಿ ಅಲ್ಲ, ಪ್ರೋಟೀನು. ಬಿಸಿಗೆ ಹೋಗುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆದರೆ ಹೋಗುತ್ತದೆ. "ಹಾಗಾದರೆ ಒಂದೇ ಎಣ್ಣೆಯಲ್ಲಿ ಕರಿದರೆ?" ಆಗುವುದಿಲ್ಲ, ಹಿಟ್ಟಿನ ಕಣ ಎಣ್ಣೆಯಲ್ಲೇ ಉಳಿದಿರುತ್ತದೆ. "ಮೈದಾ ಆಗುತ್ತಾ? ರವೆ?" ಮೈದಾ ಗೋಧಿಯೇ, ರವೆಯೂ ಸಾಮಾನ್ಯವಾಗಿ ಗೋಧಿಯೇ. ಮಾಲ್ಟ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಬಾರ್ಲಿ. ಸೋಯಾ ಸಾಸಿನಲ್ಲಿ ಬಹಳ ಸಲ ಗೋಧಿ ಇರುತ್ತದೆ. ಬಿರುಕು ಬಿಟ್ಟ ಮರದ ಸೌಟು, ಜಾಲರಿ, ಬ್ರೆಡ್ ಸುಡುವ ಯಂತ್ರ, ಇವನ್ನು ಎಷ್ಟು ತೊಳೆದರೂ ನಂಬುವ ಹಾಗಿಲ್ಲ, ಬೇರೆಯೇ ಇರಬೇಕು.

ಒಂದು ಕಪ್ಪು ಬಟ್ಟೆಯನ್ನೂ ಜೊತೆಗೆ ಒಯ್ಯುತ್ತೇನೆ. ಮೇಜಿನ ಮೇಲೆ ಹಾಸಿ, ಒಂದು ತುದಿಯಲ್ಲಿ ಗೋಧಿ ಹಿಟ್ಟು ಜರಡಿ ಹಿಡಿಯಲು ಅವರಿಗೇ ಹೇಳುತ್ತೇನೆ. ಇನ್ನೊಂದು ತುದಿಯಲ್ಲಿ ಒಂದು ಖಾಲಿ ಕಪ್ಪು ತಟ್ಟೆ. ಮಾತು ಮುಂದುವರಿಸುತ್ತೇನೆ. ಹತ್ತು ನಿಮಿಷ ಬಿಟ್ಟು ಆ ತಟ್ಟೆಯ ಮೇಲೆ ಬೆರಳು ಎಳೆಯಲು ಹೇಳುತ್ತೇನೆ. ಗೆರೆ ಮೂಡುತ್ತದೆ. ಯಾರೂ ಆ ತಟ್ಟೆಗೆ ಹಿಟ್ಟು ಹಾಕಿಲ್ಲ. ಗಾಳಿಯಲ್ಲಿ ಹೋಗಿ ಕೂತಿದೆ. ಆ ಗೆರೆಯ ಮುಂದೆ ನನ್ನ ಅರ್ಧ ಗಂಟೆ ಮಾತು ಏನೂ ಅಲ್ಲ.

ಶಾಲೆಗಳಿಗೂ ಹೋಗಿದ್ದೇನೆ. ಅಲ್ಲಿ ಕಷ್ಟ ಬೇರೆ. ಮಗುವಿಗೆ ಹೊಟ್ಟೆಗಿಂತ ಮನಸ್ಸಿಗೆ ನೋವಾಗುವುದು ಬೇಗ. ತರಗತಿಯಲ್ಲಿ ಎಲ್ಲರಿಗೂ ಕೇಕ್ ಹಂಚುವಾಗ ಒಂದು ಮಗುವನ್ನು ಆಚೆ ಕೂರಿಸಿದರೆ ಅದು ಮನೆಗೆ ಹೋಗಿ ಹೇಳುವುದಿಲ್ಲ, ಮುಂದಿನ ಸಲ ಕದ್ದು ತಿನ್ನುತ್ತದೆ. ಟೀಚರುಗಳಿಗೆ ನಾನು ಕೇಳಿಕೊಳ್ಳುವುದು ಇಷ್ಟೇ. ಯಾರದ್ದಾದರೂ ಹುಟ್ಟುಹಬ್ಬ ಇದ್ದರೆ ಒಂದು ದಿನ ಮೊದಲು ಆ ಮಗುವಿನ ಮನೆಗೆ ತಿಳಿಸಿ, ಅದಕ್ಕೂ ಕೈಯಲ್ಲಿ ಏನೋ ಒಂದು ಇರಲಿ. ಮಕ್ಕಳು ಆಡುವ ಬಣ್ಣದ ಹಿಟ್ಟಿನಲ್ಲೂ ಕೆಲವದರಲ್ಲಿ ಗೋಧಿ ಇರುತ್ತದೆ. ಮುಟ್ಟಿದರೆ ಏನೂ ಇಲ್ಲ, ಕೈ ಬಾಯಿಗೆ ಹೋದರೆ ತೊಂದರೆ. ಆಡಿದ ಮೇಲೆ ಎಲ್ಲ ಮಕ್ಕಳೂ ಕೈ ತೊಳೆಯಲಿ, ಆ ಮಗು ಒಂದೇ ಅಲ್ಲ. ಒಬ್ಬ ಟೀಚರ್ ನನ್ನನ್ನು ಬದಿಗೆ ಕರೆದು, ತಮ್ಮ ತರಗತಿಯ ಒಂದು ಹುಡುಗಿ ಮೂರು ವರ್ಷದಿಂದ ಒಂದೇ ಅಳತೆಯ ಸಮವಸ್ತ್ರ ಹಾಕುತ್ತಿದ್ದಾಳೆ ಅಂದರು. ಅವಳ ತಾಯಿಗೆ ಪರೀಕ್ಷೆಯ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ಕೆಳಗೆ ದೊಡ್ಡದಾಗಿ, ಪರೀಕ್ಷೆ ಆಗುವ ತನಕ ಊಟ ಬದಲಿಸಬೇಡಿ ಅಂತ ಬರೆದೆ. ಮುಂದಿನದ್ದು ಅವರಿಗೂ ಅವರ ವೈದ್ಯರಿಗೂ ಬಿಟ್ಟ ವಿಷಯ. ಆ ಚೀಟಿ ಆ ಮನೆ ತಲುಪಿತು ಅನ್ನುವುದೇ ನನಗೆ ದೊಡ್ಡದು.

ನನ್ನ ಟಿಟಿಜಿ ನಾರ್ಮಲ್‌ಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಎರಡು ವರ್ಷಕ್ಕೆ ಇನ್ನೊಂದು ಬಯಾಪ್ಸಿ ಮಾಡಿದಾಗ ಎಳೆಗಳು ಮತ್ತೆ ಎದ್ದಿದ್ದವು. ದೊಡ್ಡವರಲ್ಲಿ ಕರುಳು ವಾಸಿಯಾಗುವುದು ಹೀಗೆ ನಿಧಾನ, ಕೆಲವರಿಗೆ ಇನ್ನೂ ಜಾಸ್ತಿ ಸಮಯ ಬೇಕು. ಹಿಮೋಗ್ಲೋಬಿನ್ 12.6. ಕಬ್ಬಿಣದ ಮಾತ್ರೆ ಇಲ್ಲದೆ.

ಕಚೇರಿಯ ಕ್ಯಾಂಟೀನಿನಲ್ಲಿ ಮಾತ್ರ ನಾನು ಊಟ ಮಾಡುತ್ತಿರಲಿಲ್ಲ. ಡಬ್ಬಿ ತಂದು ನನ್ನ ಮೇಜಿನಲ್ಲೇ ತಿಂದು ಮುಗಿಸುತ್ತಿದ್ದೆ. ಅಡುಗೆಮನೆ ಒಂದೇ, ಹಿಟ್ಟು ಹಾರುವ ಜಾಗ, ಕೇಳುವುದೇ ತಪ್ಪು ಅನಿಸುತ್ತಿತ್ತು. ಅಲ್ಲಿಯ ಅಡುಗೆಯವರಿಗೂ ಒಮ್ಮೆ ಕಪ್ಪು ಬಟ್ಟೆ ಹಾಸಿ ತೋರಿಸಿದ್ದೆ. ಅಡುಗೆಯ ಜವಾಬ್ದಾರಿ ಇರುವ ಹೆಂಗಸು ಆವತ್ತು ಏನೂ ಕೇಳಿರಲಿಲ್ಲ. ತಟ್ಟೆಯ ಮೇಲಿನ ಗೆರೆಯನ್ನೇ ನೋಡುತ್ತ ನಿಂತಿದ್ದರು. ಹತ್ತು ದಿನ ಆದಮೇಲೆ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದರು.

"ಇವತ್ತು ಡಬ್ಬಿ ತೆಗೀಬೇಡಿ" ಅಂದರು. "ಬೆಳಿಗ್ಗೆ ಬಂದ ಕೂಡಲೇ ಎಲ್ಲ ತೊಳೆದು ನಿಮ್ಮದು ಮೊದಲು ಮಾಡಿದೆ. ಮುಚ್ಚಿ ಮೇಲಿನ ಅಟ್ಟದಲ್ಲಿ ಇಟ್ಟೆ. ಆಮೇಲೇ ಹಿಟ್ಟಿನ ಡಬ್ಬ ತೆರೆದಿದ್ದು. ಬಡಿಸುವ ಸೌಟು ಹೊಸದು, ಹಿಡಿಗೆ ಕೆಂಪು ದಾರ ಕಟ್ಟಿದ್ದೀನಿ, ಬೇರೆ ಯಾರೂ ಮುಟ್ಟಲ್ಲ."

ಹಿಟ್ಟು ತೆರೆಯುವ ಮೊದಲೇ ಅಡುಗೆ ಮುಗಿಸಬೇಕು ಅಂತ ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ. ನನಗೇ ಅದು ಹೊಳೆದಿರಲಿಲ್ಲ. ಬಳಸಿದ ಪದಾರ್ಥ ಒಂದೊಂದನ್ನೂ ಕೇಳಿದೆ, ಪೊಟ್ಟಣ ತಂದು ತೋರಿಸಿದರು. ಎಲ್ಲ ಸರಿ ಇತ್ತು. ತಟ್ಟೆ ತೆಗೆದುಕೊಂಡು ಹೋಗಿ, ಎರಡು ವರ್ಷದ ಮೇಲೆ, ಎಲ್ಲರ ಜೊತೆ ಉದ್ದ ಮೇಜಿನಲ್ಲಿ ಕೂತೆ. ಪಕ್ಕದವರು ಸರಿದು ಜಾಗ ಮಾಡಿಕೊಟ್ಟರು.